ಹಾಲು ಹಾಕಿದವರಿಗೆ ಮಾತ್ರ ಓಟು

ನೌಬಾದದ ಸುಖಶಾಂತಿ ಬಡಾವಣೆಯಲ್ಲಿ ಎಲ್ಲರಿಗಿಂತ ಮೊದಲು ಮನೆ ಕಟ್ಟಿಸಿದವಳು ಕಸ್ತೂರಿಬಾಯಿ. ಆಗ ಅಲ್ಲಿ ಸುಖವೂ ಇರಲಿಲ್ಲ, ಶಾಂತಿಯೂ ಇರಲಿಲ್ಲ, ನಳದಲ್ಲಿ ನೀರಂತೂ ಮೊದಲೇ ಇರಲಿಲ್ಲ. ಜೋಳದ ಕೂಳೆ ನಿಂತ ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದು, ಇದು ರಸ್ತೆ, ಇದು ಉದ್ಯಾನ ಎಂದು ತೋರಿಸಿದ್ದರು. ಉದ್ಯಾನವೆಂದು ತೋರಿಸಿದಲ್ಲಿ ಇವತ್ತಿಗೂ ಜಾಲಿಯೇ ಬೆಳೆಯುತ್ತದೆ. ಆ ಬಯಲಿಗೆ ಅವಳು ಗಂಡನನ್ನೂ ಎಮ್ಮೆಯನ್ನೂ ಕರೆದುಕೊಂಡು ಬಂದಳು. ಇಬ್ಬರಲ್ಲಿ ಎಮ್ಮೆಗೇ ಬಾಯಿ ಹೆಚ್ಚು.

ಗಂಡ ಹಾವಗೆಪ್ಪ ಔರಾದ ಬಸ್ಸಿನ ಡ್ರೈವರ್ ಆಗಿದ್ದವನು. ಚಾಲಕರೊಂದಿಗೆ ಮಾತನಾಡಬಾರದು ಎಂದು ಬಸ್ಸಿನೊಳಗೆ ಬರೆದಿರುತ್ತದಲ್ಲ, ಆತ ಆ ಬರಹವನ್ನು ಮನೆಗೂ ತಂದುಬಿಟ್ಟಿದ್ದ. ನಿವೃತ್ತನಾದ ಮೇಲೂ ಅದನ್ನು ತೆಗೆಯಲಿಲ್ಲ. ಹೀಗಾಗಿ ಮನೆಯಲ್ಲಿ ಆಡಬೇಕಾದ ಇಬ್ಬರ ಮಾತನ್ನೂ ಕಸ್ತೂರಿಬಾಯಿಯೇ ಆಡಿ ಮುಗಿಸುತ್ತಿದ್ದಳು. ಉಳಿದದ್ದನ್ನು ಓಣಿಗೆ ಹಂಚುತ್ತಿದ್ದಳು. ಅವಳಿಗೆ ಜಗಳವೆಂದರೆ ಸಿಟ್ಟಿನ ಕೆಲಸವಲ್ಲ, ಪುರುಸೊತ್ತಿನ ಕೆಲಸ. ಮಧ್ಯಾಹ್ನ ಜಗಳವಾಡಿದವರ ಮನೆಗೆ ಸಂಜೆ ಮಜ್ಜಿಗೆ ಕಳಿಸುತ್ತಿದ್ದಳು.

ಹುಟ್ಟಿದ್ದು ಠಾಣಾ ಕುಶನೂರಿನಲ್ಲಿ, ಸೊಸೆಯಾಗಿ ಹೋದದ್ದು ಭಾಲ್ಕಿಗೆ. ಮದುವೆಯಲ್ಲಿ ಅವ್ವ ಒಂದು ತಾಮ್ರದ ಹಂಡೆ, ಒಂದು ಕೌದಿ, ಒಂದು ಎಮ್ಮೆಗರು ಕೊಟ್ಟು ಕಳಿಸಿದ್ದಳು. ಹಂಡೆ ಸೋರಿತು, ಕೌದಿ ಹರಿಯಿತು, ಅವ್ವನೂ ಹೋದಳು. ಕರು ಮಾತ್ರ ಎಮ್ಮೆಯಾಗಿ, ಅದರ ಮಗಳು ಎಮ್ಮೆಯಾಗಿ, ಮೊಮ್ಮಗಳು ಎಮ್ಮೆಯಾಗಿ ಅವಳ ಹಿಂದೆಯೇ ಬಂತು. ಈಗಿನದರ ಹೆಸರು ಸಾವ್ಕಾರ್ತಿ. ನಡಿಗೆ ನೋಡಿ ಇಟ್ಟ ಹೆಸರು. ರಸ್ತೆಯ ನಡುವೆ ನಿಂತರೆ ಲಾರಿ ಬಂದರೂ ಸರಿಯದು, ಲಾರಿಯವನೇ ಇಳಿದು ವಿನಂತಿ ಮಾಡಿಕೊಳ್ಳಬೇಕು. ತವರೆಂದರೆ ಕಸ್ತೂರಿಬಾಯಿಗೆ ಇನ್ನು ಉಳಿದದ್ದು ಇದೊಂದೇ ಆಗಿತ್ತು.

ಬಡಾವಣೆ ಬೆಳೆಯಿತು, ಮನೆಗಳಾದವು, ದಿನಾ ಬೆಳಿಗ್ಗೆ ಎಲ್ಲ ಮನೆಯವರೂ ಪಾತ್ರೆ ಹಿಡಿದು ಕಸ್ತೂರಿಬಾಯಿಯ ಬಾಗಿಲಿಗೆ ಬರುವುದು ರೂಢಿಯಾಯಿತು. ಊರಿನಲ್ಲಿ ನಿವಾಸಿಗಳ ಸಂಘಗಳು ಹುಟ್ಟತೊಡಗಿದಾಗ ಇಲ್ಲಿಯೂ ಒಂದು ಹುಟ್ಟಿತು. ಹೋದ ದಸರೆಯಲ್ಲಿ ಸಂತೋಷಕುಮಾರ ಅದರ ಅಧ್ಯಕ್ಷನಾದ. ಬೀದರ ಪೇಟೆಯಲ್ಲಿ ಟೈಲ್ಸ್ ಅಂಗಡಿ ಇಟ್ಟವನು. ಕಸ್ತೂರಿಬಾಯಿಯ ಎದುರಿನ ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದ. ಗಟಾರ ಮಾಡಿಸುತ್ತೇನೆ ಎಂದನೆಂದು ಕೈ ಎತ್ತಿದವರಲ್ಲಿ ಕಸ್ತೂರಿಬಾಯಿಯೇ ಮೊದಲಿಗಳು.

ಕೆಟ್ಟದ್ದು ಅವನ ಗೃಹಪ್ರವೇಶದ ದಿನ. ಒಳಗೆ ಹೋಮ ನಡೆದಿತ್ತು, ಹೊರಗೆ ಬಾಗಿಲಿಗೆ ಎರಡು ಬಾಳೆಗಂಬ ಕಟ್ಟಿದ್ದರು. ಸಾವ್ಕಾರ್ತಿ ನಿಧಾನಕ್ಕೆ ರಸ್ತೆ ದಾಟಿ ಬಂದು ಎಡಗಡೆಯ ಬಾಳೆಗಂಬ ತಿಂದಿತು. ಎರಡೂ ಕಡೆ ಸಮ ಇರಲೆಂದು ಬಲಗಡೆಯದನ್ನೂ ತಿಂದಿತು. ಆಮೇಲೆ ಮಾವಿನ ತೋರಣವನ್ನು ಜಗ್ಗಿಕೊಂಡು, ಹೈದರಾಬಾದಿನಿಂದ ಬಂದ ಬೀಗರು ಇಳಿಯಬೇಕಾದ ಜಾಗದಲ್ಲಿ ಮಲಗಿ ಮೆಲುಕು ಹಾಕಿತು. ಕುಟುಂಬದ ದೊಡ್ಡ ಫೋಟೋದಲ್ಲಿ ಸಂತೋಷಕುಮಾರನ ಪಕ್ಕದಲ್ಲಿ, ತೋರಣ ಕೊರಳಿಗೆ ಹಾಕಿಕೊಂಡು ನಿಂತದ್ದು ಅದೇ. ಫೋಟೋದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಂದದ್ದೂ ಅದೇ.

ಎರಡು ತಿಂಗಳಲ್ಲಿ ವಾಟ್ಸಪ್ಪಿನಲ್ಲಿ ನೋಟೀಸು ಬಂತು. ಭಾನುವಾರ ಸಭೆ. ವಿಷಯ, ಬಡಾವಣೆಯಲ್ಲಿ ದನ, ಎಮ್ಮೆ ಸಾಕಬಾರದೆಂಬ ಠರಾವು.

ಕಸ್ತೂರಿಬಾಯಿ ಅದನ್ನು ಪಕ್ಕದ ಮನೆಯ ರಹೀಮುನ್ನಿಸಾಳಿಂದ ಓದಿಸಿದಳು. ಒಮ್ಮೆ ಓದಿಸಿ ಬೈದಳು, ಇನ್ನೊಮ್ಮೆ ಓದಿಸಿ ಅತ್ತಳು.

"ನಾ ನಿನ್ನ ಕಡಿ ಇದ್ದೇನಿ," ಎಂದಳು ರಹೀಮುನ್ನಿಸಾ. "ಬಾಕಿ ಮಂದಿದು ಹೇಳಲಾಕ ಬರಲ್ಲ. ಹಾಲು ನಿಂದೇ ಕುಡೀತಾರ, ಸೆಗಣಿ ವಾಸನಿ ಅಂತ ಮೂಗೂ ಮುಚ್ಚತಾರ."

"ಹಾಲು ಬೇಕು, ಎಮ್ಮಿ ಬ್ಯಾಡ ಅಂದ್ರ ಹ್ಯಾಂಗ್ರಿ ಆಪಾ? ಮತ್ತ ಹಾಲು ನಳದಾಗ ಬರ್ತದೇನು?"

"ನಳದಾಗ ನೀರೇ ಬರಲ್ಲ."

ಭಾನುವಾರ ಸಂಘದ ತಗಡಿನ ಶೆಡ್ಡಿನಲ್ಲಿ ಎಲ್ಲರೂ ಕೂಡಿದರು. ಮುಂದಿನ ಕುರ್ಚಿಯಲ್ಲಿ ಸಂತೋಷಕುಮಾರ. ಪಕ್ಕದಲ್ಲಿ ಕಾರ್ಯದರ್ಶಿ ಗುಲಾಮ ರಸೂಲ್ ಸಾಬರು, ಮಡಿಲಲ್ಲಿ ಡಾಂಬರು ಗುಳಿಗೆಯ ವಾಸನೆ ಬರುವ ಒಂದು ಫೈಲು. ಅದರಲ್ಲಿ ಸಂಘದ ನಿಯಮಗಳಿದ್ದವು. ಸಂಘ ಹುಟ್ಟಿದ ದಿನ ಎಲ್ಲರೂ ಅದಕ್ಕೆ ಸಹಿ ಹಾಕಿದ್ದರು, ಯಾರೂ ಓದಿರಲಿಲ್ಲ. ನಮ್ಮಲ್ಲಿ ಸಹಿ ಹಾಕುವುದು ಒಂದು ಮರ್ಯಾದೆ, ಓದುವುದು ಒಂದು ಅನುಮಾನ.

ಕಸ್ತೂರಿಬಾಯಿ ಎದ್ದು ಮೊದಲೇ ತಕರಾರು ತೆಗೆದಳು. "ನಮ್ಮ ಮನಿಯೊಳಗ ನಾವಿಬ್ರು ಇದ್ದೇವಿರಿ. ನಮ್ಮವು ಎರಡು ಓಟು."

"ಕಾಕು, ಮನಿಗೊಂದೇ ಓಟು," ಎಂದ ಸಂತೋಷಕುಮಾರ.

"ಯಾರು ಹೇಳ್ಯಾರ?"

"ಎಲ್ಲಾ ಕಡಿ ಹಂಗೇ ಇರ್ತದ. ಇಲ್ಲಿ ನಿಮ್ಮದೂ ನಡಿಯಲ್ಲ, ನಂದೂ ನಡಿಯಲ್ಲ. ನಿಯಮದಾಗ ಏನದ ಅದೇ ನಡಿಬೇಕು. ಒಂದಕ್ಷರ ಆಚಿ ಈಚಿ ಆಗಬಾರದು. ಸಾಬ್ರ, ಓದ್ರಿ."

ಗುಲಾಮ ರಸೂಲ್ ಸಾಬರು ಕನ್ನಡಕ ಒರೆಸಿಕೊಂಡು ಹಾಳೆ ತಿರುವಿದರು, ಗಂಟಲು ಸರಿಮಾಡಿಕೊಂಡು ದೊಡ್ಡ ದನಿಯಲ್ಲಿ ಓದಿದರು: "ಮತದಾನ. ಕಳೆದ ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಸಂಘಕ್ಕೆ ಹಾಲು ಹಾಕಿದ ಸದಸ್ಯರಿಗೆ ಮಾತ್ರ ಮತದಾನದ ಹಕ್ಕು ಇರತಕ್ಕದ್ದು."

ಸಾಬರು ಅದನ್ನೇ ಇನ್ನೊಮ್ಮೆ, ಈ ಸಲ ಸಣ್ಣ ದನಿಯಲ್ಲಿ ಓದಿದರು. ಎರಡನೇ ಸಲ ಓದಿದರೆ ಬೇರೆ ಬರಬಹುದೇನೋ ಎಂಬ ಆಸೆ ಅವರಿಗಿತ್ತು. ಹಾಲು ಅಲ್ಲಿಯೇ ಇತ್ತು.

ಆಗಿದ್ದಿಷ್ಟು. ಸಾಬರು ನೌಕರಿಯಲ್ಲಿದ್ದಾಗ ಭಾಲ್ಕಿ ಕಡೆಯ ಒಂದು ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಬರವಣಿಗೆ ಮಾಡುತ್ತಿದ್ದರು. ಬಡಾವಣೆಗೆ ನಿಯಮ ಬರೆಯಿರಿ ಎಂದಾಗ, ಹೊಸದು ಬರೆದು ಮೇಲಿನವರು ತಪ್ಪು ಹುಡುಕುವುದಕ್ಕಿಂತ ಒಮ್ಮೆ ಮಂಜೂರಾದದ್ದನ್ನೇ ಬರೆಯುವುದು ಲೇಸೆಂದು ಹಳೆಯ ಸಂಘದ ನಿಯಮಗಳನ್ನೇ ತೆಗೆದುಕೊಂಡರು. ಮೇಲಿನ ಹಾಳೆಯಲ್ಲಿ "ಹಾಲು ಉತ್ಪಾದಕರ" ಎಂಬುದನ್ನು ಹೊಡೆದು "ನಿವಾಸಿಗಳ" ಎಂದು ಬರೆದರು. ಒಳಗಿನ ಹಾಳೆಗಳನ್ನು ನಾಳೆ ತಿದ್ದಿದರಾಯಿತು ಎಂದುಕೊಂಡರು. ಆ ನಾಳೆ ಟೈಪಾಗಿ, ಸೀಲು ಬಿದ್ದು, ಫೈಲು ಸೇರಿತ್ತು.

"ಒಂದು ವರಕಿನಾಗ ಗಲತಿ ಆಗ್ಯದ," ಎಂದರು ಸಾಬರು ಮೆಲ್ಲಗೆ.

ಎಲ್ಲರೂ ವಕೀಲ ಕೈಲಾಶನ ಕಡೆ ನೋಡಿದರು. ಕೈಲಾಶ ಬೀದರ ಕೋರ್ಟಿಗೆ ಹೋಗುವವನು. ಮೂರನೇ ಓಣಿಯಲ್ಲಿ ಅವನ ಮನೆ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿಯೇ ಮನೆ ಕಟ್ಟಿಸಿದ್ದ.

"ಕಾನೂನಿನಾಗ ಅಕ್ಷರ ನೋಡಬಾರದ್ರಿ, ಉದ್ದೇಶ ನೋಡಬೇಕು," ಎಂದ ಅವನು. "ಹಾಲು ಅಂದ್ರ ಇಲ್ಲಿ ಸೇವಾ ಅಂತ ಅರ್ಥ ಮಾಡಬಹುದು. ಸಂಘಕ್ಕ ಸೇವಾ ಮಾಡಿದವರು ಅಂತ."

"ಹಾಲು ಅಂದ್ರ ಹಾಲೇ ವಕೀಲ ಸಾಬ್," ಎಂದಳು ರಹೀಮುನ್ನಿಸಾ. "ಸೇವಾ ಹಾಕಿ ಚಹಾ ಮಾಡಲಾಕ ಬರ್ತದೇನು? ಮತ್ತ ಅಧ್ಯಕ್ಷರು ಈಗೇ ಅಂದ್ರಲ್ಲ, ಒಂದಕ್ಷರ ಆಚಿ ಈಚಿ ಆಗಬಾರದಂತ."

"ಹಾಲು ನಾನೂ ಹಾಕೇನಿ," ಎಂದ ಸಂತೋಷಕುಮಾರ. "ಹ್ವಾದ ಮೀಟಿಂಗಿನ ಚಹಾಕ್ಕ ಎರಡು ಪಾಕೀಟು ನಾನೇ ತಂದಿದ್ದೆ."

"ಅದು ಒಂದಿನ ಆಯ್ತು. ಅರ್ಧ ವರ್ಷಕ್ಕಿಂತ ಹೆಚ್ಚು ಬೇಕು," ಎಂದಳು ರಹೀಮುನ್ನಿಸಾ.

"ಹಂಗಂದ್ರ ಕಾಕುನೂ ಸಂಘಕ್ಕ ಹಾಕಿಲ್ಲ. ಮನಿಮನಿಗೆ ಹಾಕ್ಯಾರ."

ಕೈಲಾಶನಿಗೆ ಹುರುಪು ಬಂತು. ಕೋರ್ಟಿನಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಅವನಿಗೆ ಯಾರೂ ಕೇಳಿರಲಿಲ್ಲ. "ಸಂಘ ಅಂದ್ರ ಯಾರು? ಸದಸ್ಯರು. ಸದಸ್ಯರೆಲ್ಲ ಕುಡಿದ್ರ ಸಂಘ ಕುಡಿದಂಗೇ ಆಯ್ತಲ್ಲ. ಹಂಗಾಗಿ ನನ್ನ ಅಭಿಪ್ರಾಯ ಏನಂದ್ರ, ಈ ಬಡಾವಣಿಯೊಳಗ ಓಟು ಇರೋದು ಕಸ್ತೂರಿಬಾಯಿಯವರಿಗೆ ಒಬ್ಬರಿಗೇ."

ಕಸ್ತೂರಿಬಾಯಿ ಕುಳಿತಲ್ಲೇ ಸೆರಗು ಸರಿಮಾಡಿಕೊಂಡಳು. ಎರಡು ಓಟು ಕೇಳಲು ಬಂದವಳಿಗೆ ಇಡೀ ಬಡಾವಣೆಯೇ ಸಿಕ್ಕಿತ್ತು.

ಸಂತೋಷಕುಮಾರ ಫೈಲು ಕಸಿದುಕೊಂಡು ತಾನೇ ಮುಂದಕ್ಕೆ ಓದಿದ. ಓದುತ್ತ ಅವನ ಮುಖ ಅರಳಿತು. "ಇಲ್ಲಿ ನೋಡ್ರಿ. ನೀರು ಬೆರೆಸಿದ ಹಾಲು ಹಾಕಿದವರ ಹಕ್ಕು ರದ್ದಾಗತಕ್ಕದ್ದು. ಕಾಕುನ ಹಾಲು ಹ್ಯಾಂಗದ ಎಲ್ಲರಿಗೂ ಗೊತ್ತದ. ನಮ್ಮ ಮನಿ ಚಹಾದಾಗ ಮುಖ ನೋಡ್ಕೊಂಡು ಬೈತಲಿ ತೆಗೀಬಹುದು."

ಕಸ್ತೂರಿಬಾಯಿ ಜಗಳಕ್ಕೆ ಏಳಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡಳು. ಹಾವಗೆಪ್ಪ ಬೆರಗಾಗಿ ಹೆಂಡತಿಯ ಕಡೆ ತಿರುಗಿದ. ಅವಳು ನೀರು ಬೆರೆಸುತ್ತಿರಲಿಲ್ಲ, ಅದು ಖರೆ. ಚರಿಗೆ ತೊಳೆದ ನೀರನ್ನು ಮಾತ್ರ ಹಾಲಿಗೆ ಸುರಿಯುತ್ತಿದ್ದಳು. ಅಂಟಿದ ಹಾಲನ್ನು ಗಟಾರಕ್ಕೆ ಚೆಲ್ಲುವುದು ಪಾಪವಲ್ಲವೇ? ಬೇಸಿಗೆಯಲ್ಲಿ ಚರಿಗೆಯನ್ನು ಎರಡು ಸಲ ತೊಳೆಯುತ್ತಿದ್ದಳು, ಅಷ್ಟೇ. ಈಗ ಅದೇ ನೀರು ಸಾವ್ಕಾರ್ತಿಯನ್ನು ಕೊಚ್ಚಿಕೊಂಡು ಹೋಗುವಂತೆ ಕಂಡಿತು.

ಅಷ್ಟರಲ್ಲಿ ಕೈಲಾಶ ಅಧ್ಯಕ್ಷನ ಕಿವಿಯ ಹತ್ತಿರ ಬಾಗಿದ. ವಕೀಲರ ಪಿಸುಮಾತು, ಕೊನೆಯ ಸಾಲಿನವರೆಗೂ ಕೇಳಿಸಿತು. "ಒಂದು ವಿಚಾರ ಮಾಡ್ರಿ. ಹ್ವಾದ ದಸರಿಗೆ ನಿಮ್ಮನ್ನ ಆರಿಸಿದ್ದೂ ಇದೇ ನಿಯಮದ ಮ್ಯಾಲೇ. ಅವತ್ತು ಎತ್ತಿದ ಕೈಗಳ ಒಳಗ ಲೆಕ್ಕಕ್ಕ ಬರೋದು ಇವರದೊಂದೇ. ಇವರ ಹಾಲು ನೀರಂದ್ರ ನೀವು ಅಧ್ಯಕ್ಷರೇ ಅಲ್ಲ."

ಸಂತೋಷಕುಮಾರ ಎದ್ದು ನಿಂತು, ಕೈ ಮುಗಿದು ಹೇಳಿದ: "ಕಸ್ತೂರಿಬಾಯಿಯವರ ಹಾಲು ಅಪ್ಪಟ ಅದ. ಒಂದು ಹನಿ ನೀರಿಲ್ಲ. ನಾವೆಲ್ಲ ಅದನ್ನೇ ಕುಡಿದು ದೊಡ್ಡವರಾಗೇವಿ."

ಅವನು ಆ ಹಾಲು ಕುಡಿಯತೊಡಗಿ ಎರಡೇ ತಿಂಗಳಾಗಿತ್ತು. ಯಾರೂ ತಕರಾರು ಮಾಡಲಿಲ್ಲ.

ಠರಾವಿಗೆ ಮತ ಹಾಕುವ ಹೊತ್ತು ಬಂತು. ಪರವಾಗಿದ್ದವರು ಕೈ ಎತ್ತಿರಿ ಎಂದಾಗ ಎತ್ತುವ ಅಧಿಕಾರ ಯಾರಿಗೂ ಇರಲಿಲ್ಲ. ವಿರೋಧ ಎಂದಾಗ ಕಸ್ತೂರಿಬಾಯಿ ಎರಡೂ ಕೈ ಎತ್ತಿದಳು.

"ಒಂದು ಸಾಕ್ರಿ ಬಾಯಿ," ಎಂದರು ಸಾಬರು.

ನಿಯಮವನ್ನಾದರೂ ತಿದ್ದೋಣ ಎಂದು ಕೈಲಾಶ ಸೂಚಿಸಿದ. ತಿದ್ದಬೇಕಾದರೂ ಓಟು ಬೇಕು, ಓಟು ಇದ್ದವಳು ಅವಳೊಬ್ಬಳೇ. "ನೀವು ಓದಿದವರು ಓದಲಾರದೇ ದಸ್ಕತ್ ಮಾಡೀರಿ," ಎಂದಳು ಕಸ್ತೂರಿಬಾಯಿ. "ಈಗ ಓದಲಾಕ ಬರದಾಕಿ ಕಡಿಂದ ತಿದ್ದಸ್ತೀರೇನು? ಇರಲಿ ಬಿಡ್ರಿ, ಛಂದ ಅದ."

ಅಂದು ಸಾಬರು ಉಳಿದ ನಿಯಮಗಳನ್ನೂ ಓದಿಯೇ ಏಳಬೇಕೆಂದು ಹಟ ಹಿಡಿದರು, ಇನ್ನೇನೇನು ಉಳಿದಿದೆಯೋ ಎಂಬ ಹೆದರಿಕೆ ಅವರಿಗೇ ಇತ್ತು. ಮಂದಿ ಆಕಳಿಸುತ್ತ ಕುಳಿತರು. ಎರಡು ಮಾತು ಮಾತ್ರ ಸಂತೋಷಕುಮಾರನ ಕಿವಿಗೆ ನೆಟ್ಟವು. ಬಿದ್ದುಹೋದ ಠರಾವನ್ನು ಮುಂದಿನ ವರ್ಷದ ಸಭೆಯಲ್ಲಿ ಮತ್ತೆ ತರಬಹುದು. ಓಟು ಸಮನಾಗಿ ಬಿದ್ದರೆ ಅಧ್ಯಕ್ಷನಿಗೆ ಇನ್ನೊಂದು ಓಟು.

ಮುಂದಿನ ವಾರ ಭಾಲ್ಕಿಯ ದನದ ಸಂತೆಯಿಂದ ಒಂದು ಪಿಕಪ್ ಬಂದು ಅವನ ಮನೆಯ ಮುಂದೆ ನಿಂತಿತು. ಅದರಿಂದ ಇಳಿದದ್ದು ಕರುವಿನ ಸಮೇತ ಒಂದು ಎಮ್ಮೆ. ಬಡಾವಣೆಯವರೆಲ್ಲ ಗೇಟಿಗೆ ಬಂದು ನಿಂತರು. ಸಂತೋಷಕುಮಾರ ಎಲ್ಲರಿಗೂ ಕೇಳುವಂತೆ ಹೇಳಿದ: "ನಾಳಿನಿಂದ ನಾನೂ ಸಂಘಕ್ಕ ಹಾಲು ಹಾಕ್ತೇನಿ. ಮುಂದಿನ ಸಭಾದಾಗ ಠರಾವು ಪಾಸ್ ಮಾಡಿ, ಇದನ್ನೂ ಕಳಸ್ತೇನಿ, ಅದನ್ನೂ ಕಳಸ್ತೇನಿ."

ಎಮ್ಮೆ ಓಡಿಸಲು ಎಮ್ಮೆ ತಂದ ಗಂಡಸನ್ನು ಕಂಡು ಕಸ್ತೂರಿಬಾಯಿ ಕಟ್ಟೆಯ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ರಹೀಮುನ್ನಿಸಾ ನಗಲಿಲ್ಲ.

"ನಗಬ್ಯಾಡ ಕಸ್ತೂರಿ. ನಿಂದೊಂದು, ಅವನದೊಂದು. ಸಮ ಆಯ್ತು. ಸಮ ಆದ್ರ ಅಧ್ಯಕ್ಷನಿಗೆ ಇನ್ನೊಂದು."

ಕಸ್ತೂರಿಬಾಯಿಯ ನಗು ಅಲ್ಲಿಗೇ ನಿಂತಿತು.

ಆದರೆ ದೇವರು ದೊಡ್ಡವನು, ಎಮ್ಮೆ ಹಾಲು ಕೊಡಲಿಲ್ಲ. ಮೊದಲ ದಿನ ಸಂತೋಷಕುಮಾರನನ್ನು ಒದೆಯಿತು. ಮರುದಿನ ಅವನ ಹೆಂಡತಿ ಈಶ್ವರಿಯನ್ನು ಒದೆಯಿತು. ಆಮೇಲೆ ಪಾತ್ರೆಯನ್ನು ಕಂಡರೂ ಒದೆಯತೊಡಗಿತು. ಹಾಲು ಹಾಕದಿದ್ದರೆ ಓಟಿಲ್ಲ. ಕಸ್ತೂರಿಬಾಯಿ ಏನೂ ಮಾಡಬೇಕಾಗಿರಲಿಲ್ಲ, ತನ್ನ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದರೆ ಸಾಕಿತ್ತು. ಅವಳು ಹಾಗೆಯೇ ಕುಳಿತಳು. ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ.

ಕೆಚ್ಚಲು ಬಿಗಿದ ಎಮ್ಮೆ ಒದರತೊಡಗಿತು. ಬೆಳಿಗ್ಗೆ ಒದರಿತು, ಸಂಜೆ ಒದರಿತು. ಈ ಕಡೆಯಿಂದ ಸಾವ್ಕಾರ್ತಿ ಅದಕ್ಕೆ ಓಗೊಟ್ಟಿತು. ಕಸ್ತೂರಿಬಾಯಿ ಟಿ.ವಿ. ದೊಡ್ಡದು ಮಾಡಿದಳು, ಕಿವಿಗೆ ಹತ್ತಿ ಇಟ್ಟುಕೊಂಡಳು, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಕೆಡವಿ ಮತ್ತೆ ಜೋಡಿಸಿದಳು. ಆ ದನಿ ಹತ್ತಿಯನ್ನೂ ದಾಟಿ ಬಂತು.

ಊಟಕ್ಕೆ ಕುಳಿತ ಹಾವಗೆಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಅದರದೇನು ತಪ್ಪದ?" ಎಂದ.

ಆ ವರ್ಷ ಅವನು ಆಡಿದ ಅತಿ ದೊಡ್ಡ ಮಾತು ಅದು. "ಇಷ್ಟು ದಿನ ಬಾಯಿಗೆ ಬೀಗ ಹಾಕ್ಕೊಂಡು ಕುಂತಿದ್ರಿ. ಇವತ್ತೇ ತೆಗೀಬೇಕಾಗಿತ್ತೇನು?" ಎಂದು ಕಸ್ತೂರಿಬಾಯಿ ಗಂಡನನ್ನು ಬೈದಳು. ಕೈಯ ಹಿಟ್ಟು ತೊಳೆದುಕೊಂಡು, ಬೈಯುತ್ತಲೇ ರಸ್ತೆ ದಾಟಿದಳು.

ಅಲ್ಲಿ ನೋಡಿದರೆ ಎಮ್ಮೆಯನ್ನು ಕಾರು ನಿಲ್ಲಿಸುವಲ್ಲಿ ಕಟ್ಟಿದ್ದರು. ನೆಲಕ್ಕೆ ಅಂಗಡಿಯ ಅತ್ಯುತ್ತಮ ಟೈಲ್ಸು, ಕನ್ನಡಿಯಂಥದು. ಅದರ ಮೇಲೆ ನಾಲ್ಕೂ ಕಾಲು ಜಾರಿ, ಎಮ್ಮೆ ತೊಡೆ ನಡುಗಿಸುತ್ತ ನಿಂತಿತ್ತು. ಒದೆ ತಿಂದು ಹಣೆಗೆ ಬುಗುಟು ಬಂದ ಸಂತೋಷಕುಮಾರ ಎಮ್ಮೆ ಹಿಂಡುವುದು ಹೇಗೆಂದು ಮೊಬೈಲಿನಲ್ಲಿ ವಿಡಿಯೋ ನೋಡುತ್ತಿದ್ದ.

"ಮೊದಲ ಅದಕ್ಕ ನೆಲ ಕೊಡು ಸಂತೋಷಪ್ಪ," ಎಂದಳು ಕಸ್ತೂರಿಬಾಯಿ. "ಜಾರಿ ಬೀಳ್ತೇನೇನೋ ಅಂತ ಅಂಜಿಕೊಂಡು ನಿಂತದ. ಅಂಜಿದ್ದು ಹ್ಯಾಂಗ ಹಾಲು ಬಿಡ್ತದ? ಮಣ್ಣು ತಂದು ಹಾಕು."

"ಟೈಲ್ಸ್ ಮ್ಯಾಲೇನು ಕಾಕು?"

"ಮತ್ತ ನನ್ನ ತಲಿ ಮ್ಯಾಲ ಹಾಕ್ತೀಯೇನು?"

ಗಂಡ ಹೆಂಡತಿ ಬುಟ್ಟಿಗಟ್ಟಲೆ ಮಣ್ಣು ಹೊತ್ತು ತಂದರು. ಮೊದಲ ಬುಟ್ಟಿ ಸುರಿಯುವಾಗ ಅವನು ಮುಖ ಆಚೆ ತಿರುಗಿಸಿಕೊಂಡ. ಕಸ್ತೂರಿಬಾಯಿ ಎಮ್ಮೆಯ ಕೊರಳು ತುರಿಸಿದಳು, ಬಿಸಿನೀರಿನ ಅರಿವೆಯಿಂದ ಕೆಚ್ಚಲು ಒರೆಸಿದಳು, ಕರುವನ್ನು ಬಿಟ್ಟಳು. "ಬಾರವ್ವ, ನನ್ನ ತವರಿನಾಕಿ, ಬಿಡವ್ವ" ಎಂದು ಸಾವ್ಕಾರ್ತಿಗೆ ದಿನಾ ಹೇಳುವುದನ್ನೇ ಹೇಳಿದಳು. ಎಮ್ಮೆಯ ನಡುಕ ನಿಂತಿತು, ಹಾಲಿನ ಧಾರೆ ಬಕೆಟ್ಟಿಗೆ ಬಿತ್ತು.

ಸಂತೋಷಕುಮಾರ ಬಕೆಟ್ಟು ನೋಡಿದ, ಅವಳನ್ನು ನೋಡಿದ. "ಕಾಕು, ಇದರಿಂದ ನನಗ ಓಟು ಬರ್ತದಲ್ಲ. ನಿಮಗ ತಿಳಿದಿಲ್ಲೇನು?"

"ತಿಳಿದದ. ನಿನ್ನ ಸಲುವಾಗಿ ನಾ ಬಂದಿಲ್ಲ," ಎಂದಳು ಅವಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡೆನೆಂದು ಹಣೆ ಬಡಿದುಕೊಂಡಳು.

ಅಂದಿನಿಂದ ಸಂಘದ ಶೆಡ್ಡಿಗೆ ದಿನಾ ಬೆಳಿಗ್ಗೆ ಎರಡು ಪಾತ್ರೆ ಹಾಲು ಬರತೊಡಗಿತು, ಕಸ್ತೂರಿಬಾಯಿಯದೊಂದು, ಅಧ್ಯಕ್ಷರದೊಂದು. ಪಾತ್ರೆ ಹಿಡಿದು ಬರುವವರೆಲ್ಲ ಅಲ್ಲಿಗೇ ಬಂದರು. ಗುಲಾಮ ರಸೂಲ್ ಸಾಬರು ನೀರು ಬೆರೆತಿದೆಯೇ ಎಂದು ತೋರಿಸುವ ಗಾಜಿನ ಡಿಗ್ರಿ ಕಡ್ಡಿಯನ್ನು ಹಾಲಿಗೆ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ತಲೆದೂಗಿ ಅಳೆದು ಹಂಚುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಅಷ್ಟು ಸಂತೋಷದಲ್ಲಿದ್ದುದನ್ನು ಯಾರೂ ನೋಡಿರಲಿಲ್ಲ. ನಿಯಮವನ್ನು ಸಂಘಕ್ಕೆ ತಕ್ಕಂತೆ ತಿದ್ದಲಾಗದೆ, ಸಂಘವೇ ನಿಯಮಕ್ಕೆ ತಕ್ಕಂತೆ ತಿದ್ದಿಕೊಂಡಿತ್ತು.

ಸಂತೋಷಕುಮಾರ ಎಮ್ಮೆ ಹಿಂಡಲು ಕಲಿತ. ಅಂಗಡಿಗೆ ಟೈಲ್ಸು ಕೇಳಲು ಬಂದವರಿಗೆ ಹತ್ತಿಕಾಳಿನ ಹಿಂಡಿಯ ಮಹಿಮೆ ಹೇಳತೊಡಗಿದ. ಬಗದಲ್ ಕಡೆ ತೊಗರಿ ಹೊಟ್ಟು ಚೆನ್ನಾಗಿದೆಯೆಂದು ಯಾರೋ ಹೇಳಿದರೆ ಅಂಗಡಿ ಮುಚ್ಚಿ ಓಡಿದ. ದಿನಾ ಸಂಜೆ ರಸ್ತೆಯ ಆ ಕಡೆಯಿಂದ, "ಕಾಕು, ಇವತ್ತು ಮೇವು ಬಿಟ್ಟದ, ಯಾಕಿರಬೇಕು?" ಎಂದು ಕೇಳುತ್ತಿದ್ದ. ಈ ಕಡೆಯಿಂದ ಅವಳು ಉತ್ತರ ಕೊಡುತ್ತಿದ್ದಳು. ಠರಾವಿನ ಮಾತು ಮಾತ್ರ ಅವನು ಎತ್ತಲಿಲ್ಲ. ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಊರೆಲ್ಲರ ಹತ್ತಿರ ಜಗಳವಾಡುವವಳಿಗೆ ಬೇಡಿಕೊಳ್ಳುವುದು ಗೊತ್ತಿರಲಿಲ್ಲ.

ವರ್ಷ ತಿರುಗಿ ಸಭೆ ಹತ್ತಿರ ಬಂದಂತೆ ಅವಳಿಗೆ ಅನ್ನ ಸೇರದಾಯಿತು. ಠಾಣಾ ಕುಶನೂರಿನಲ್ಲಿ ದೂರದ ಸಂಬಂಧದ ತಮ್ಮನೊಬ್ಬನಿದ್ದ. ಸಾವ್ಕಾರ್ತಿಯನ್ನು ಅವನ ಮನೆಗೆ ಬಿಡಬಹುದೆಂದು ರಹೀಮುನ್ನಿಸಾ ಹೇಳಿದಳು. ಕಸ್ತೂರಿಬಾಯಿ ಕೊಟ್ಟಿಗೆಗೆ ಹೋಗಿ ಎಮ್ಮೆಯ ಕೊರಳಿಗೆ ಮುಖವಿಟ್ಟು, "ನಿನ್ನ ಬಿಟ್ಟು ನಾ ಹ್ಯಾಂಗ ಇರಲಿ?" ಎಂದು ಅತ್ತಳು. ಸಾವ್ಕಾರ್ತಿ ಅವಳ ಸೆರಗಿನ ಚುಂಗು ತಿಂದಿತು.

ಸಭೆ ಸಂಜೆಗಿತ್ತು. ಓಟಿಲ್ಲದವರೂ ಒಬ್ಬರು ಬಿಡದೆ ಬಂದಿದ್ದರು. ಚಹಾ ಯಾರು ಮಾಡಬೇಕು ಎಂಬ ವಾದದಲ್ಲಿಯೇ ಹೊತ್ತು ಇಳಿಯಿತು. ಕೊನೆಗೆ ಗುಲಾಮ ರಸೂಲ್ ಸಾಬರು ಎದ್ದು, ಈ ಸಲ ಮತದಾರರು ಇಬ್ಬರೆಂದು ಸಾರಿ, ಠರಾವು ಓದಿದರು.

"ಎಮ್ಮಿ ತೆಗೀಬೇಕು ಅನ್ನೋರು ಕೈ ಎತ್ರಿ."

ಸಂತೋಷಕುಮಾರ ನೆಲ ನೋಡುತ್ತ ಎದ್ದು ನಿಂತ. ಊರೆಲ್ಲರ ಮುಂದೆ ಹೇಳಿದ ಮಾತು, ಈಗ ಹಿಂದೆಗೆದರೆ ನಾಳೆ ಯಾರು ನಂಬುತ್ತಾರೆ? ಅವನ ಕೈ ಮೊದಲು ಹೆಗಲ ತನಕ ಹೋಯಿತು, ಆಮೇಲೆ ಕಿವಿಯ ತನಕ, ಆಮೇಲೆ ತಲೆಯ ಮೇಲೆ ಹೋಗಿ ನಿಂತಿತು. ಕಸ್ತೂರಿಬಾಯಿಯ ಕಣ್ಣಿಗೆ ಶೆಡ್ಡು ಮಸುಕಾಯಿತು. ಹಿಂಡಿಕೊಟ್ಟ ಹಾಲು, ಹಾಕಿಸಿದ ಮಣ್ಣು, ರಸ್ತೆಯಾಚೆಯ ಸಂಜೆಯ ಮಾತು, ಯಾವುದೂ ಲೆಕ್ಕಕ್ಕೆ ಬರಲಿಲ್ಲವಲ್ಲ ಎಂದುಕೊಂಡಳು.

"ಹಂಗೇ ಇರ್ರಿ, ಬರಕೋತೇನಿ," ಎಂದು ಸಾಬರು ಪೆನ್ನು ಹುಡುಕತೊಡಗಿದರು.

ಆಗ ಸಂತೋಷಕುಮಾರನ ಮನೆಯ ಕಡೆಯಿಂದ ಎಮ್ಮೆ ಒದರಿತು. ಹಿಂಡುವ ಹೊತ್ತು ಮೀರಿತ್ತು. ಅವನ ಕೈ ಮೇಲೆಯೇ ಇತ್ತು, ಕಾಲು ಮಾತ್ರ ಮನೆಯ ಕಡೆ ತಿರುಗಿತು. ಎಮ್ಮೆ ಮತ್ತೆ ಒದರಿತು. ಸಾಬರಿಗೆ ಪೆನ್ನು ಇನ್ನೂ ಸಿಕ್ಕಿರಲಿಲ್ಲ.

ಕಸ್ತೂರಿಬಾಯಿಗೆ ತಡೆಯಲಾಗಲಿಲ್ಲ. ಅವಳು ಬೇಡಿಕೊಳ್ಳಲಿಲ್ಲ, ಬೈದಳು. "ಏನು ನಿಂತಿ ಸಂತೋಷಪ್ಪ? ಎಮ್ಮಿ ಒದರ್ಲಾಕತ್ತದ, ಕೇಳಸಲ್ಲೇನು? ಕೈ ಇಳಸು. ಹಿಂಡಲಾಕ ಎರಡೂ ಕೈ ಬೇಕು."

"ಇಳಿಸಿದ್ರ ಓಟು ಹೋಗ್ತದ ಕಾಕು."

"ಇಳಿಸಲಿಲ್ಲಂದ್ರ ಎಮ್ಮಿ ಹೋಗ್ತದ. ನಂದೂ ಹೋಗ್ತದ, ನಿಂದೂ ಹೋಗ್ತದ."

ಅವನು ತಲೆಯೆತ್ತಿ ತನ್ನ ಕೈಯನ್ನು ನೋಡಿದ. ಅಂಗೈಯಲ್ಲಿ ಹಿಂಡಿಹಿಂಡಿ ಗುಳ್ಳೆ ಎದ್ದು ಗಟ್ಟಿಯಾಗಿತ್ತು. ಕೈ ಇಳಿಸಿ, ಚಪ್ಪಲಿ ಮೆಟ್ಟದೆ ಮನೆಯ ಕಡೆ ಓಡಿದ. ಕಸ್ತೂರಿಬಾಯಿಯೂ ಎದ್ದಳು, ಸಾವ್ಕಾರ್ತಿಗೂ ಹೊತ್ತಾಗಿತ್ತು.

ಅವಳ ಬೆನ್ನ ಹಿಂದೆ ಸಾಬರ ದನಿ ಕೇಳಿಸಿತು. "ವಕೀಲ ಸಾಬ್, ಪೆನ್ನು ಸಿಕ್ತು. ಪರವಾಗಿ ಸೊನ್ನಿ, ವಿರೋಧ ಸೊನ್ನಿ. ಇದೂ ಸಮ ಅಲ್ಲೇನ್ರಿ? ಅಧ್ಯಕ್ಷರ ಇನ್ನೊಂದು ಓಟಿಗೆ ಏನು ಬರೀಲಿ?"

"ಅಧ್ಯಕ್ಷರು ಎಮ್ಮಿ ಹಿಂಡಲಾಕ ಹೋಗ್ಯಾರ ಅಂತ ಬರೀರಿ," ಎಂದ ಕೈಲಾಶ.

ಕಸ್ತೂರಿಬಾಯಿ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. ಮೊದಲ ಧಾರೆ ಚರಿಗೆಯ ಹೊರಗೆ ಬಿತ್ತು. ಸಾವ್ಕಾರ್ತಿ ತಿರುಗಿ ಅವಳನ್ನೊಮ್ಮೆ ನೋಡಿತು. ರಸ್ತೆಯ ಆ ಕಡೆಯಿಂದ ಬಕೆಟ್ಟಿಗೆ ಹಾಲು ಬೀಳುವ ಸದ್ದು, ಅದರ ಜೊತೆಗೆ ಓಡಿ ಬಂದು ಏದುಸಿರು ಬಿಡುತ್ತಿದ್ದ ಟೈಲ್ಸ್ ಅಂಗಡಿಯವನ ದನಿ ಕೇಳಿಸಿತು. "ಬಾರವ್ವ, ನನ್ನ ತವರಿನಾಕಿ, ಬಿಡವ್ವ," ಎನ್ನುತ್ತಿದ್ದ ಅವನು.